ಎಣಿಸೋದು ಎಲೆ, ಗೆಲ್ಲೋದು ವ್ಯೂಸ್

ಯೂಟ್ಯೂಬ್‌ನಲ್ಲಿ ಒಂದು ಜಾತಿಯ ವಿಡಿಯೋಗಳಿವೆ. ಕೊನೆಯಲ್ಲಿ ಏನಾಗುತ್ತೆ ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತೆ, ಆದರೂ ಎಲ್ಲರೂ ಕೊನೆವರೆಗೂ ನೋಡ್ತಾರೆ. ಅಮೆರಿಕದ ಯಾವುದೋ ಕ್ಯಾಸಿನೋ. ಆಡುವವನು ಬಟ್ಟೆಯಲ್ಲಿ ಎಲ್ಲೋ ಕ್ಯಾಮೆರಾ ಅಡಗಿಸಿಕೊಂಡಿದ್ದಾನೆ. ಹಾಗಾಗಿ ಚಿತ್ರ ಸ್ವಲ್ಪ ಅಲುಗಾಡುತ್ತೆ, ಎದುರಿಗಿರೋರ ಮುಖ ಬ್ಲರ್ ಆಗಿರುತ್ತೆ. ಅರ್ಧ ಚಂದ್ರನ ಆಕಾರದ ಟೇಬಲ್, ಅದರ ಮೇಲೆ ಬಣ್ಣ ಬಣ್ಣದ ಚಿಪ್ಸ್. ಪರದೆಯ ಮೂಲೆಯಲ್ಲಿ ಆಮೇಲೆ ಎಡಿಟ್ ಮಾಡಿ ಸೇರಿಸಿದ ಮೂರು ಅಂಕಿ: ಎಣಿಕೆ ಎಷ್ಟು, ಪಣ ಎಷ್ಟು, ಇವತ್ತಿನ ಲಾಭ-ನಷ್ಟ ಎಷ್ಟು. ಎಣಿಕೆ ಏರಿದ ಹಾಗೆ ಪಣ ಏರುತ್ತೆ, ನೋಡುವವರ ಎದೆಬಡಿತಾನೂ ಏರುತ್ತೆ. ಅಷ್ಟರಲ್ಲಿ ಸೂಟು ಹಾಕಿದ ಒಬ್ಬರು ಪಕ್ಕಕ್ಕೆ ಬಂದು ನಿಲ್ತಾರೆ. ತುಂಬಾ ಮರ್ಯಾದೆಯಿಂದ ಒಂದು ಮಾತು ಹೇಳ್ತಾರೆ: ನೀವು ಇಲ್ಲಿ ಬೇರೆ ಯಾವ ಆಟ ಬೇಕಾದರೂ ಆಡಿ, ಬ್ಲ್ಯಾಕ್‌ಜ್ಯಾಕ್ ಮಾತ್ರ ಬೇಡ.

ಅಷ್ಟೇ, ವಿಡಿಯೋ ಮುಗೀತು. ಮುಂದಿನ ವಾರ ಬೇರೆ ಕ್ಯಾಸಿನೋ, ಅದೇ ಕೊನೆ.

ಇವರಿಗೆ ಕಾರ್ಡ್ ಕೌಂಟರ್ಸ್ ಅಂತಾರೆ. ಈ ಲೇಖನ ಕೊಟ್ಟಾಗ ನಮ್ಮ ಕನ್ನಡ ಕೂಟದ ಸಂಪಾದಕರು "ಇಂಗ್ಲಿಷ್ ಸ್ವಲ್ಪ ಕಡಿಮೆ ಮಾಡಪ್ಪಾ" ಅಂದರು. ಹತ್ತನೇ ಕ್ಲಾಸಿನ ತನಕ ಗಣಿತವನ್ನ ಮ್ಯಾಥ್ಸ್ ಅಂತಲೇ ಓದಿದವನು ನಾನು. ಆದರೂ ಯೋಚಿಸಿದಾಗ ಈ ವಿಷಯಕ್ಕೆ ಬೇಕಾದ ಪದಗಳೆಲ್ಲ ನಮ್ಮೂರಲ್ಲಿ ಮೊದಲಿಂದಲೂ ಇದ್ದಾವೆ ಅಂತ ಗೊತ್ತಾಯ್ತು. ಕಾರ್ಡ್ ಅಂದರೆ ಎಲೆ. ಷಫಲ್ ಅಂದರೆ ಕಲಸೋದು. ಏಸ್ ಅಂದರೆ ಎಕ್ಕ. ಆಮೇಲೆ ರಾಜ, ರಾಣಿ, ಗುಲಾಮ. ಯುಗಾದಿ ಬಂತು ಅಂದರೆ ಹಾಸನದ ಕಡೆ ಹಳ್ಳಿಗಳಲ್ಲಿ ಅರಳಿಕಟ್ಟೆ ಮೇಲೆ, ತೋಟದ ಮನೆಯಲ್ಲಿ ಈ ಪದಗಳು ಬೇಕಾದಷ್ಟು ಕೇಳ್ತವೆ. ಹಾಗಾಗಿ ಎಲೆ ಎಣಿಸುವವರು ಅಂತಲೇ ಕರೀತೀನಿ.

ಮೊದಲು ಆಟ ಏನು ಅಂತ ಹೇಳ್ತೀನಿ. ಬ್ಲ್ಯಾಕ್‌ಜ್ಯಾಕ್‌ನಲ್ಲಿ ನಿಮ್ಮ ಎಲೆಗಳ ಮೊತ್ತ 21ರ ಹತ್ತಿರ ಹೋಗಬೇಕು, ಆದರೆ 21 ದಾಟಬಾರದು. ದಾಟಿದರೆ ಆಗಲೇ ಸೋಲು. ರಾಜ, ರಾಣಿ, ಗುಲಾಮ ಮೂರಕ್ಕೂ 10ರ ಬೆಲೆ. ಎಕ್ಕಕ್ಕೆ 1 ಅಥವಾ 11, ನಿಮಗೆ ಅನುಕೂಲವಾದದ್ದು. ನಿಮ್ಮ ಎದುರಾಳಿ ಪಕ್ಕದಲ್ಲಿ ಕೂತವರಲ್ಲ, ಎಲೆ ಹಂಚುವ ಡೀಲರ್ ಒಬ್ಬರೇ. ಡೀಲರ್‌ಗೆ ಸ್ವಂತ ಬುದ್ಧಿ ಓಡಿಸೋ ಹಾಗಿಲ್ಲ: ಮೊತ್ತ 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಎಲೆ ತಗೊಳ್ಳಲೇಬೇಕು. ಮೊದಲ ಎರಡೇ ಎಲೆಗೆ ಎಕ್ಕ ಮತ್ತು ಹತ್ತರ ಎಲೆ ಬಂದರೆ ಅದೇ ಬ್ಲ್ಯಾಕ್‌ಜ್ಯಾಕ್. ಒಳ್ಳೆ ಟೇಬಲ್‌ನಲ್ಲಿ ಅದಕ್ಕೆ ಪಣದ ಒಂದೂವರೆ ಪಟ್ಟು ಕೊಡ್ತಾರೆ.

ಈ ಆಟಕ್ಕೆ ನೆನಪಿನ ಶಕ್ತಿ ಇದೆ, ವಿಷಯ ಇರೋದೇ ಅಲ್ಲಿ. ನಾಣ್ಯ ಚಿಮ್ಮಿದರೆ ಹಿಂದಿನ ಸಲ ಏನು ಬಿತ್ತು ಅನ್ನೋದು ನಾಣ್ಯಕ್ಕೆ ಗೊತ್ತಿರಲ್ಲ. ರೂಲೆಟ್ ಚಕ್ರಕ್ಕೂ ಅಷ್ಟೇ. ಆದರೆ ಬ್ಲ್ಯಾಕ್‌ಜ್ಯಾಕ್‌ನಲ್ಲಿ ಆರು ಪ್ಯಾಕ್ ಎಲೆ, ಅಂದರೆ 312 ಎಲೆ, ಒಂದು ಪೆಟ್ಟಿಗೆಯಲ್ಲಿ ಇಟ್ಟು ಅದರಿಂದ ಹಂಚ್ತಾ ಹೋಗ್ತಾರೆ. ಬಂದು ಹೋದ ಎಲೆ ಮತ್ತೆ ಕಲಸೋ ತನಕ ವಾಪಸ್ ಬರಲ್ಲ. ಸಣ್ಣ ಎಲೆಗಳು ಜಾಸ್ತಿ ಹೋಗಿದ್ದರೆ ಪೆಟ್ಟಿಗೆಯಲ್ಲಿ ದೊಡ್ಡ ಎಲೆ ಜಾಸ್ತಿ ಉಳಿದಿವೆ ಅಂತ ಅರ್ಥ. ದೊಡ್ಡ ಎಲೆ ಉಳಿದಷ್ಟೂ ಆಡುವವನಿಗೆ ಲಾಭ. ಯಾಕಂದರೆ ಬ್ಲ್ಯಾಕ್‌ಜ್ಯಾಕ್ ಬೀಳೋ ಸಂಭವ ಜಾಸ್ತಿಯಾಗುತ್ತೆ, 16ರಲ್ಲಿ ಸಿಕ್ಕಿಕೊಂಡ ಡೀಲರ್ ಇನ್ನೊಂದು ಎಲೆ ತಗೊಂಡು 21 ದಾಟೋದೂ ಜಾಸ್ತಿಯಾಗುತ್ತೆ.

ಎಣಿಸೋ ವಿಧಾನ ಎಷ್ಟು ಸುಲಭ ಅಂದರೆ ನಮ್ಮ ಅಜ್ಜಿಗೂ ಕಲಿಸಬಹುದು. 2ರಿಂದ 6ರ ತನಕದ ಎಲೆ ಕಂಡರೆ +1. 7, 8, 9 ಕಂಡರೆ ಸೊನ್ನೆ. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಕಂಡರೆ −1. ತಲೆಯಲ್ಲಿ ಒಂದೇ ಒಂದು ಅಂಕಿ ಇಟ್ಟುಕೊಂಡು ಕೂಡೋದು, ಕಳೆಯೋದು. ಆಮೇಲೆ ಅದನ್ನ ಇನ್ನೂ ಎಷ್ಟು ಪ್ಯಾಕ್ ಉಳಿದಿದೆ ಅನ್ನೋದರಿಂದ ಭಾಗಿಸಬೇಕು. ಬಂದ ಉತ್ತರ ದೊಡ್ಡದಾದರೆ ಪಣ ದೊಡ್ಡದು, ಚಿಕ್ಕದಾದರೆ ಪಣ ಚಿಕ್ಕದು. ಒಂದು ಪ್ಯಾಕ್ ಎಲೆಯನ್ನ ಒಂದೊಂದಾಗಿ ತಿರುವಿ ಎಣಿಸಿದರೆ ಕೊನೆಗೆ ಸೊನ್ನೆ ಬರಲೇಬೇಕು. ಬರಲಿಲ್ಲ ಅಂದರೆ ನೀವು ಎಲ್ಲೋ ತಪ್ಪಿದ್ದೀರಿ. ಎಣಿಸುವವರು ಅಭ್ಯಾಸ ಮಾಡೋದೇ ಹೀಗೆ. ಮೂವತ್ತು ಸೆಕೆಂಡಿನ ಒಳಗೆ ಮುಗಿಸಿದರೆ ಕೈ ಪಳಗಿದೆ ಅಂತ ಲೆಕ್ಕ.

ಇದನ್ನ ಕಂಡುಹಿಡಿದದ್ದು ಯೂಟ್ಯೂಬರ್‌ಗಳಲ್ಲ. 1956ರಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಾಲ್ಕು ಜನ, ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಾಟ್, ಯಾವ ಕೈಗೆ ಹೇಗೆ ಆಡಿದರೆ ನಷ್ಟ ಅತಿ ಕಡಿಮೆ ಅಂತ ಲೆಕ್ಕ ಹಾಕಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದರು. ಅದನ್ನ ಓದಿದ ಎಡ್ವರ್ಡ್ ಥಾರ್ಪ್ ಅನ್ನೋ ಗಣಿತಜ್ಞ, ಎಂಐಟಿಯಲ್ಲಿದ್ದಾಗ ಐಬಿಎಂ 704 ಕಂಪ್ಯೂಟರ್‌ನಲ್ಲಿ ಫೋರ್ಟ್ರಾನ್‌ನಲ್ಲಿ ಪ್ರೋಗ್ರಾಂ ಬರೆದು, ಪ್ಯಾಕ್‌ನಿಂದ ಕೆಲವು ಎಲೆ ತೆಗೆದುಬಿಟ್ಟರೆ ಏನಾಗುತ್ತೆ ಅಂತ ನೋಡಿದರು. 5ರ ಎಲೆಗಳೆಲ್ಲ ಹೋಗಿಬಿಟ್ಟರೆ ಆಟ ಆಡುವವನ ಕಡೆಗೆ ವಾಲುತ್ತೆ ಅಂತ ಗೊತ್ತಾಯ್ತು. 1961ರಲ್ಲಿ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಅದನ್ನ ಹೇಳಿದರು. ಅದೇ ವರ್ಷ ಇಬ್ಬರು ಶ್ರೀಮಂತ ಜೂಜುಕೋರರು ಕೊಟ್ಟ 10,000 ಡಾಲರ್ ಹಿಡಿದು ನೆವಾಡಾಗೆ ಹೋಗಿ, ಅದನ್ನ ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಂಡು ಬಂದರು. 1962ರಲ್ಲಿ 'ಬೀಟ್ ದ ಡೀಲರ್' ಅನ್ನೋ ಪುಸ್ತಕ ಬರೆದು ಗುಟ್ಟನ್ನ ಊರಿಗೆಲ್ಲ ಸಾರಿದರು. ನಾನು ಮೇಲೆ ಹೇಳಿದ +1, −1 ವಿಧಾನವನ್ನ ಅದರ ಮುಂದಿನ ವರ್ಷ ಹಾರ್ವಿ ಡಬ್ನರ್ ಅನ್ನೋರು ಕೊಟ್ಟರು.

ಆಮೇಲೆ ಆಗಿದ್ದೇ ತಮಾಷೆ. ಪುಸ್ತಕಕ್ಕೆ ಹೆದರಿ ಲಾಸ್ ವೇಗಸ್‌ನ ಕ್ಯಾಸಿನೋಗಳು 1964ರಲ್ಲಿ ಆಟದ ನಿಯಮ ಬಿಗಿ ಮಾಡಿದವು. ಜನ ಟೇಬಲ್ ಕಡೆ ಬರೋದನ್ನೇ ಬಿಟ್ಟರು. ಕೆಲವೇ ವಾರಗಳಲ್ಲಿ ಹಳೇ ನಿಯಮ ವಾಪಸ್ ಬಂತು. ಬ್ಲ್ಯಾಕ್‌ಜ್ಯಾಕ್ ಮೊದಲಿಗಿಂತ ಜನಪ್ರಿಯ ಆಯ್ತು. ಯಾಕಂದರೆ "ಈ ಆಟದಲ್ಲಿ ಕ್ಯಾಸಿನೋವನ್ನ ಸೋಲಿಸಬಹುದು" ಅಂತ ಎಲ್ಲರೂ ಕೇಳಿದ್ದರು, ಆದರೆ ಗಂಟೆಗಟ್ಟಲೆ ಕೂತು ತಪ್ಪಿಲ್ಲದೆ ಎಣಿಸೋದಕ್ಕೆ ತಯಾರಿದ್ದವರು ಬೆರಳೆಣಿಕೆಯಷ್ಟು ಜನ. ಅಂದರೆ ಕ್ಯಾಸಿನೋದ ವಿರುದ್ಧ ಬರೆದ ಪುಸ್ತಕವೇ ಕ್ಯಾಸಿನೋಗೆ ಜಾಹೀರಾತು ಆಯ್ತು. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇದು ಕಾನೂನು ಪ್ರಕಾರ ಸರಿನಾ? ಸರಿ. ತಲೆಯಲ್ಲಿ ಎಣಿಸೋದು ಅಮೆರಿಕದಲ್ಲಿ ಅಪರಾಧ ಅಲ್ಲ. ಯಂತ್ರ ಇಟ್ಟುಕೊಂಡು ಎಣಿಸಿದರೆ ನೆವಾಡಾದಲ್ಲಿ ಅಪರಾಧ. ಆದರೆ ಕ್ಯಾಸಿನೋ ಖಾಸಗಿ ಜಾಗ, ಅವರಿಗೆ ಬೇಡ ಅನ್ನಿಸಿದರೆ ಹೊರಗೆ ಹೋಗಿ ಅನ್ನಬಹುದು. ಒಂದು ಕಡೆ ಮಾತ್ರ ಇದು ಬೇರೆ. ಕೆನ್ ಉಸ್ಟನ್ ಅನ್ನೋ ಹೆಸರುವಾಸಿ ಆಟಗಾರ ಕೋರ್ಟಿಗೆ ಹೋಗಿ, ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ "ಎಣಿಸ್ತಾನೆ ಅನ್ನೋ ಒಂದೇ ಕಾರಣಕ್ಕೆ ಕ್ಯಾಸಿನೋ ತಾನಾಗಿ ಯಾರನ್ನೂ ಹೊರಹಾಕೋ ಹಾಗಿಲ್ಲ" ಅಂತ ತೀರ್ಪು ಕೊಡ್ತು. ಹೊರಹಾಕೋಕೆ ಆಗದಿದ್ದರೂ ಆಟ ಕೆಡಿಸೋಕೆ ದಾರಿಗಳಿವೆ. ಬೇಗ ಬೇಗ ಎಲೆ ಕಲಸಿಬಿಡೋದು, ಎಲೆಯನ್ನ ನಿಲ್ಲಿಸದೆ ಕಲಸೋ ಯಂತ್ರ ಇಡೋದು, ಬ್ಲ್ಯಾಕ್‌ಜ್ಯಾಕ್‌ಗೆ ಒಂದೂವರೆ ಪಟ್ಟಿನ ಬದಲು 6:5ರ ಲೆಕ್ಕದಲ್ಲಿ ಕೊಡೋದು.

ಈಗ ನಮ್ಮ ಕಾಲಕ್ಕೆ ಬರೋಣ. ಎಂಐಟಿ ವಿದ್ಯಾರ್ಥಿಗಳ ತಂಡ ಎಲೆ ಎಣಿಸಿದ ಕಥೆ '21' ಅನ್ನೋ ಸಿನಿಮಾ ಆಗಿ 2008ರಲ್ಲಿ ಬಂತು. ಬಹುಶಃ ಎಲ್ಲ ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲೂ ಅದು ಒಂದಲ್ಲ ಒಂದು ಲ್ಯಾಪ್‌ಟಾಪ್‌ನಲ್ಲಿ ಇರುತ್ತೆ. ಚರ್ಚಿಗೆ ಹೋಗೋ ಹುಡುಗರೇ ಸೇರಿ ಕಟ್ಟಿದ ಒಂದು ತಂಡದ ಬಗ್ಗೆ 'ಹೋಲಿ ರೋಲರ್ಸ್' ಅನ್ನೋ ಸಾಕ್ಷ್ಯಚಿತ್ರ ಇದೆ. ಅದನ್ನ ಕಟ್ಟಿದವರಲ್ಲಿ ಒಬ್ಬರಾದ ಕಾಲಿನ್ ಜೋನ್ಸ್ ಈಗ ಎಣಿಕೆ ಕಲಿಸೋದನ್ನೇ ಉದ್ಯೋಗ ಮಾಡಿಕೊಂಡಿದ್ದಾರೆ. ಬ್ರಿಟನ್ನಿನ ಸ್ಟೀವನ್ ಬ್ರಿಡ್ಜಸ್ ಮೊದಲು ಜಾದೂ ವಿಡಿಯೋ ಮಾಡ್ತಿದ್ದವರು, ಆಮೇಲೆ ಕ್ಯಾಸಿನೋ ಒಳಗಿಂದಲೇ ಆಟ ತೋರಿಸೋ ವಿಡಿಯೋಗಳಿಂದ ಹೆಸರಾದರು. ಇವರ ವಿಡಿಯೋಗಳಲ್ಲಿ ಸುಳ್ಳು ಇದೆ ಅಂತ ನಾನು ಹೇಳ್ತಿಲ್ಲ. ಲೆಕ್ಕ ಸರಿ ಇದೆ, ಸೋತ ದಿನವನ್ನೂ ತೋರಿಸ್ತಾರೆ, "ಮನೇಲಿ ಕೂತು ನೋಡಿ ದುಡ್ಡು ಹಾಕೋಕೆ ಹೋಗಬೇಡಿ" ಅಂತ ಹೇಳುವವರೂ ಇದ್ದಾರೆ.

ಆದರೂ ನನಗೆ ಒಂದು ವಿಷಯ ತುಂಬಾ ದಿನ ಕಾಡ್ತಾ ಇತ್ತು. ಎಲೆ ಎಣಿಸುವವನಿಗೆ ಬೇಕಾಗಿರೋ ಮೊದಲ ಗುಣ ಯಾರ ಕಣ್ಣಿಗೂ ಬೀಳದೆ ಇರೋದು. ಕ್ಯಾಸಿನೋದಲ್ಲಿ ತಲೆ ಮೇಲೆಲ್ಲ ಕ್ಯಾಮೆರಾ. ಒಂದು ಕಡೆ ಸಿಕ್ಕಿಬಿದ್ದರೆ ಫೋಟೋ ಇನ್ನೊಂದು ಕಡೆಗೂ ಹೋಗಬಹುದು. ಅಂಥದ್ದರಲ್ಲಿ ಲಕ್ಷಾಂತರ ಜನಕ್ಕೆ ಮುಖ ತೋರಿಸೋ ಕೆಲಸ ಯಾರಾದರೂ ಮಾಡ್ತಾರಾ? ಕಳ್ಳಬೆಕ್ಕು ಕೊರಳಿಗೆ ತಾನೇ ಗಂಟೆ ಕಟ್ಟಿಕೊಂಡ ಹಾಗಲ್ವಾ ಇದು? ವಿಗ್ಗು, ಗಡ್ಡ, ಮೇಕಪ್ ಹಾಕಿಕೊಂಡು ವೇಷ ಬದಲಿಸಿ ಹೋಗೋದನ್ನೇ ಒಂದು ವಿಡಿಯೋ ಮಾಡ್ತಾರೆ, ಅದೂ ಮಜಾನೇ. ಆದರೆ ಯಾಕೆ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಉತ್ತರ ಸಿಕ್ಕಿದ್ದು ನಮ್ಮಮ್ಮನಿಂದ.

ನಮ್ಮ ಮನೇಲಿ ಇಸ್ಪೀಟ್ ಎಲೆ ಒಳಗೆ ಬರೋ ಹಾಗಿಲ್ಲ. ಅಮ್ಮನ ತಮ್ಮ, ನನ್ನ ಮಾವ, ಒಂದು ಯುಗಾದಿಯ ಮಾರನೇ ದಿನ ಅಂದರ್-ಬಾಹರ್ ಆಡಿ ಮೊದಲು ಜೇಬಲ್ಲಿದ್ದದ್ದು, ಆಮೇಲೆ ಸಾಲ ತಂದದ್ದು, ಕೊನೆಗೆ ಬೈಕ್ ಕಳ್ಕೊಂಡು ಹನ್ನೆರಡು ಕಿಲೋಮೀಟರ್ ನಡ್ಕೊಂಡು ಬಂದಿದ್ದರು. ಆಗ ನನಗೆ ಏಳು ವರ್ಷ. ಆವತ್ತಿಂದ ಈ ನಿಯಮ. ಕಳೆದ ರಜೆಯಲ್ಲಿ ನಾನು ಹಾಲ್‌ನಲ್ಲಿ ಕೂತು ಈ ವಿಡಿಯೋ ನೋಡ್ತಿದ್ದಾಗ ಅಮ್ಮ ಹಿಂದಿನಿಂದ ಬಗ್ಗಿ ನೋಡಿದರು.

"ಏನೋ ಅದು, ಇಸ್ಪೀಟಾ?"

"ಇಸ್ಪೀಟಲ್ಲಮ್ಮ, ಪ್ರಾಬಬಿಲಿಟಿ."

"ಎಲೆ ಹಂಚ್ತಾವ್ರೆ, ದುಡ್ಡು ಇಟ್ಟವ್ರೆ. ಇಸ್ಪೀಟೇ."

ನಾನು ಉತ್ಸಾಹದಿಂದ +1, −1 ಎಲ್ಲ ವಿವರಿಸಿದೆ. ಅಮ್ಮ ಬೀನ್ಸ್ ಸೋಸ್ತಾ ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ.

"ಗೆದ್ದಿದ್ದು ಮಾತ್ರ ತೋರುಸ್ತಾರಾ, ಸೋತಿದ್ದೂ ತೋರುಸ್ತಾರಾ?"

"ಸೋತಿದ್ದೂ ತೋರಿಸ್ತಾರಮ್ಮ, ಅದಕ್ಕೇ ನಂಬಿಕೆ ಬರೋದು."

"ಸೋತಿದ್ದನ್ನ ತೋರ್ಸಿದ್ರೂ ದುಡ್ಡು ಬತ್ತದಾ?"

"ಬರುತ್ತೆ. ವ್ಯೂಸ್ ಲೆಕ್ಕ."

"ಹಂಗಾದ್ರೆ ಅವ್ರಿಗೆ ಸೋಲೇ ಇಲ್ವಲ್ಲೋ. ನಿಮ್ಮ ಮಾವ ನಡ್ಕೊಂಡು ಬಂದಿದ್ದು ನೋಡೋಕೆ ಯಾರೂ ದುಡ್ಡು ಕೊಡ್ನಿಲ್ಲ."

ಇಷ್ಟು ಹೇಳಿ ಅವರು ಅಡುಗೆಮನೆಗೆ ಹೋದರು. ನಾನು ವಿಡಿಯೋ ನಿಲ್ಲಿಸಿ ತುಂಬಾ ಹೊತ್ತು ಹಾಗೇ ಕೂತಿದ್ದೆ. ಮೂರು ಸೆಮಿಸ್ಟರ್ ಇಂಜಿನಿಯರಿಂಗ್ ಓದಿದ ನನಗೆ ಹೊಳೆಯದ ವಿಷಯ ಅದು. ಟೇಬಲ್ ಮೇಲೆ ಎಷ್ಟೇ ಏರಿಳಿತ ಇರಲಿ, ವಿಡಿಯೋದಲ್ಲಿ ಇಲ್ಲ. ಗೆದ್ದರೆ ಒಂದು ಎಪಿಸೋಡು, ಸೋತರೆ ಒಂದು ಎಪಿಸೋಡು, ಹೊರಗೆ ಹಾಕಿದರೆ ಎಲ್ಲಕ್ಕಿಂತ ಒಳ್ಳೆ ಎಪಿಸೋಡು. ಮುಖ ಗೊತ್ತಾಗೋದರಿಂದ ಟೇಬಲ್‌ನಲ್ಲಿ ಆಗೋ ನಷ್ಟ ಇಲ್ಲಿ ತುಂಬಿಕೊಳ್ಳುತ್ತೆ.

ಅಮ್ಮನ ಮಾತು ಅಷ್ಟು ನಾಟೋಕೆ ಇನ್ನೊಂದು ಕಾರಣ ಇತ್ತು. ಅದು ನನ್ನ ರೂಮೇಟ್ ವಿಷಯ. ಇದನ್ನ ಅವನಿಗೆ ಓದಿ ಹೇಳಿ, ಅವನು ಒಪ್ಪಿದ ಮೇಲೆ ಬರೀತಿದ್ದೀನಿ. ಹೆಸರು ಬೇಡ ಅಂದ.

ಮೊದಲ ವರ್ಷದಲ್ಲಿ ಈ ವಿಡಿಯೋಗಳನ್ನ ನನಗೆ ತೋರಿಸಿದ್ದೇ ಅವನು. ನನಗಿಂತ ಬೇಗ ಎಣಿಸೋಕೆ ಕಲಿತ. ಆಮೇಲೊಂದು ದಿನ "ಫೋನ್‌ನಲ್ಲೇ ಲೈವ್ ಡೀಲರ್ ಇರೋ ಬ್ಲ್ಯಾಕ್‌ಜ್ಯಾಕ್ ಆಡಬಹುದಂತೆ ಮಗಾ, ನೀನು ಲೆಕ್ಕ ಹಾಕಿಕೊಡು, ನಾನು ಆಡ್ತೀನಿ" ಅಂದ. ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ನಮ್ಮ ದೇಶದಲ್ಲಿ ಬಂದಿದ್ದು 2025ರ ಆಗಸ್ಟ್‌ನಲ್ಲಿ. ಇದು ಅದಕ್ಕಿಂತ ಮುಂಚಿನ ಮಾತು.

ನಾನು ಆಡಿಲ್ಲ, ಲೆಕ್ಕ ಮಾತ್ರ ಹಾಕಿಕೊಟ್ಟೆ. ಆಗಷ್ಟೇ ಕಲಿತಿದ್ದ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ. ಚೆನ್ನಾಗಿ ಎಣಿಸುವವನಿಗೆ ಸಿಗೋ ಮೇಲುಗೈ ಪಣದ ಸುಮಾರು ಶೇ. 1. ಎಣಿಸದೆ, ಆದರೆ ತಪ್ಪಿಲ್ಲದೆ ಆಡುವವನಿಗೆ ಸುಮಾರು ಶೇ. 0.5 ನಷ್ಟ. ಒಂದು ಕೈಯಲ್ಲಿ ಆಗೋ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಪಣದ 1.15 ಪಟ್ಟಿನಷ್ಟು. ನಿಜವಾದ ಆಟದಲ್ಲಿ ಪಣ ಬದಲಾಗ್ತಾ ಇರುತ್ತೆ, ನಾನು ಸರಳವಾಗಲಿ ಅಂತ ಪ್ರತಿ ಕೈಗೂ 100 ರೂಪಾಯಿ ಅಂತ ಇಟ್ಟೆ. ಕಂಪ್ಯೂಟರ್ ಒಳಗೆ ಎಣಿಸೋಕೆ ಬರೋ ಸಾವಿರ ಜನ, ಎಣಿಸೋಕೆ ಬರದ ಸಾವಿರ ಜನ ಕೂತು ಆಡಿದರು.

ಗಂಟೆಗೆ ನೂರು ಕೈ ಅಂತಿಟ್ಟುಕೊಳ್ಳಿ. ಒಂದು ಗಂಟೆ ಆದ ಮೇಲೆ ಎಣಿಸೋಕೆ ಬರುವವರಲ್ಲಿ ನೂರಕ್ಕೆ ಸುಮಾರು 53 ಜನ ಲಾಭದಲ್ಲಿದ್ದರು. ಎಣಿಸೋಕೆ ಬರದವರಲ್ಲಿ? ನೂರಕ್ಕೆ 48. ಇಷ್ಟೇ ವ್ಯತ್ಯಾಸ. ಅಂದರೆ ಒಂದು ಗಂಟೆಯ ಆಟ ನೋಡಿ, ಆಡುವವನಿಗೆ ವಿದ್ಯೆ ಬರುತ್ತೋ ಇಲ್ವೋ ಅಂತ ಗೆಲುವು ಸೋಲಿನಿಂದ ಹೇಳೋಕೆ ಸಾಧ್ಯವೇ ಇಲ್ಲ. ಹತ್ತು ಸಾವಿರ ಕೈ, ಅಂದರೆ ನೂರು ಗಂಟೆ ಆಡಿದ ಮೇಲೂ ಎಣಿಸುವವರಲ್ಲಿ ಐದರಲ್ಲಿ ಒಬ್ಬ ನಷ್ಟದಲ್ಲೇ ಇದ್ದ, ಎಣಿಸದವರಲ್ಲಿ ಮೂರರಲ್ಲಿ ಒಬ್ಬ ಲಾಭದಲ್ಲಿದ್ದ. ವಿದ್ಯೆಯ ಫಲ ಪೂರ್ತಿ ಕಾಣೋಕೆ ಸಾವಿರಾರು ಕೈ ಆಡಬೇಕು. ಅಲ್ಲಿವರೆಗೆ ಬರಿಗೈ ಆಗದೆ ಉಳಿಯೋದಕ್ಕೆ ಬಂಡವಾಳ ಬೇಕು. ಪೂರ್ತಿ ಮುಳುಗೋ ಸಂಭವವನ್ನ ಶೇ. 5ಕ್ಕೆ ಇಳಿಸಬೇಕು ಅಂದರೆ, 100 ರೂಪಾಯಿ ಪಣಕ್ಕೆ ಸುಮಾರು 20,000 ರೂಪಾಯಿ ಕೈಯಲ್ಲಿರಬೇಕು. ಇಷ್ಟೆಲ್ಲ ಮಾಡಿದರೆ ಬರೋ ಸರಾಸರಿ ಸಂಪಾದನೆ ಕೈಗೆ ಒಂದು ರೂಪಾಯಿ, ಗಂಟೆಗೆ ನೂರು ರೂಪಾಯಿ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಟ್ಯೂಷನ್ ಹೇಳಿಕೊಟ್ಟರೆ ಇದಕ್ಕಿಂತ ಜಾಸ್ತಿ ಸಿಗುತ್ತೆ, ಜೊತೆಗೆ ಅವರ ಮನೇಲಿ ಕಾಫಿನೂ ಕೊಡ್ತಾರೆ.

ಇದು ನಿಜವಾದ ಟೇಬಲ್‌ನ ಲೆಕ್ಕ. ಫೋನ್‌ನಲ್ಲಿ ಇಷ್ಟೂ ಇಲ್ಲ. ಕಂಪ್ಯೂಟರೇ ಎಲೆ ಹಂಚೋ ಆಟದಲ್ಲಿ ಸಾಮಾನ್ಯವಾಗಿ ಪ್ರತಿ ಕೈಗೂ ಹೊಸದಾಗಿ ಕಲಸ್ತಾರೆ, ಎಣಿಸೋಕೆ ಏನೂ ಉಳಿಯಲ್ಲ. ಲೈವ್ ಡೀಲರ್ ಇದ್ದರೆ ಸಾಮಾನ್ಯವಾಗಿ ಎಂಟು ಪ್ಯಾಕ್ ಇಟ್ಟು ಅರ್ಧಕ್ಕೇ ಮತ್ತೆ ಕಲಸ್ತಾರೆ. ಎಣಿಕೆ ಏರೋಷ್ಟರಲ್ಲಿ ಆಟವೇ ಹೊಸದು.

ನಾನು ಸಾವಿರ ಜನರ ಲಾಭ-ನಷ್ಟವನ್ನ ಸಾವಿರ ಗೆರೆ ಮಾಡಿ ಒಂದೇ ಗ್ರಾಫ್‌ನಲ್ಲಿ ಹಾಕಿ ಅವನಿಗೆ ತೋರಿಸಿದೆ. ಬೀಸಣಿಗೆ ಬಿಚ್ಚಿಟ್ಟ ಹಾಗಿತ್ತು. ಬಹಳಷ್ಟು ಗೆರೆಗಳು ಮಧ್ಯದಲ್ಲಿ ಗಿಜಿಗುಡ್ತಿದ್ದವು. ಎಲ್ಲಕ್ಕಿಂತ ಮೇಲೆ ಒಂದು ಗೆರೆ ಒಂಟಿಯಾಗಿ, ಒಂದೇ ಗಂಟೆಯಲ್ಲಿ 3,800 ರೂಪಾಯಿ ಲಾಭ ತೋರಿಸ್ತಾ ಹೋಗಿತ್ತು. ಅವನು ಸ್ಕ್ರೀನ್ ಮೇಲೆ ಬೆರಳಿಟ್ಟು, ನಕ್ಕೊಂಡು, "ಇದು ನಾನು" ಅಂದ.

ಹನ್ನೊಂದು ದಿನದಲ್ಲಿ 8,500 ರೂಪಾಯಿ ಹೋಯ್ತು. ಪರೀಕ್ಷೆ ಫೀಸಿಗೆ, ಮೆಸ್ಸಿಗೆ ಅಂತ ಅವರಪ್ಪ ಕಳಿಸಿದ್ದ ದುಡ್ಡು. ಅವರಪ್ಪ ಸ್ಕೂಲ್ ಬಸ್ ಓಡಿಸ್ತಾರೆ. ನನಗೆ ಗೊತ್ತಾಗಿದ್ದು ಅವನು ಹೇಳಿ ಅಲ್ಲ, ಸಂಜೆ ಕ್ಯಾಂಟೀನಿಗೆ ಕರೆದಾಗೆಲ್ಲ "ಹಸಿವಿಲ್ಲ" ಅನ್ನೋಕೆ ಶುರು ಮಾಡಿದಾಗ. ಆಮೇಲೆ ಎರಡು ತಿಂಗಳು ಒಂದು ಕೋಚಿಂಗ್ ಸೆಂಟರ್‌ನಲ್ಲಿ ಸಂಜೆ ಹೊತ್ತು ಉತ್ತರಪತ್ರಿಕೆ ತಿದ್ದಿ, ಸ್ನೇಹಿತರ ಹತ್ತಿರ ತಂದಿದ್ದ ಸಾಲ ತೀರಿಸಿದ. ಮನೇಲಿ ಇವತ್ತಿಗೂ ಗೊತ್ತಿಲ್ಲ.

ಒಂದು ರಾತ್ರಿ ಕರೆಂಟ್ ಹೋದಾಗ ಟೆರೇಸ್ ಮೇಲೆ ಕೂತಿದ್ವಿ. ಲೆಕ್ಕ ಗೊತ್ತಿದ್ದೂ ಯಾಕೆ ಆಡಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ದುಡ್ಡಿಗಲ್ಲ ಮಗಾ. ಆ ವಿಡಿಯೋದಲ್ಲಿ ಬಂದು 'ನೀವು ಆಡಬೇಡಿ' ಅಂತಾರಲ್ಲ, ಅದು ಬೇಕಿತ್ತು. ನನ್ನ ಬುದ್ಧಿಗೆ ಯಾರಾದರೂ ಹೆದರಬೇಕು ಅನ್ನಿಸ್ತಿತ್ತು."

ಪಿಯುಸಿ ತನಕ ಇಡೀ ತಾಲೂಕಿಗೆ ಅವನೇ ಫಸ್ಟು. ಇಲ್ಲಿಗೆ ಬಂದ ಮೇಲೆ ಮೊದಲ ಇಂಟರ್ನಲ್ಸ್‌ನಲ್ಲಿ ಐವತ್ತಕ್ಕೆ ಹತ್ತೊಂಬತ್ತು. ಈ ಕಾಲೇಜಿನಲ್ಲಿ ನಮ್ಮಲ್ಲಿ ಅರ್ಧ ಜನರ ಕಥೆ ಇದೇ. ನಮ್ಮ ಊರಲ್ಲಿ ನಾವು ಬುದ್ಧಿವಂತರು, ಇಲ್ಲಿ ಹಾಜರಿ ಪಟ್ಟಿಯಲ್ಲಿ ಒಂದು ನಂಬರು. ಅಂಥ ಹೊತ್ತಲ್ಲಿ ನಮ್ಮ ವಯಸ್ಸಿನವರೇ ಬರೀ ಕೂಡೋ ಕಳೆಯೋ ಲೆಕ್ಕದಿಂದ ಕೋಟಿಗಟ್ಟಲೆ ಬಾಳೋ ಕ್ಯಾಸಿನೋವನ್ನ ಹೆದರಿಸೋದನ್ನ ನೋಡಿದರೆ ಮೈ ಜುಂ ಅನ್ನದೆ ಇರುತ್ತಾ? ಆ ಸೂಟಿನವರು ಬಂದು ಹೊರಗೆ ಕಳಿಸೋದು ನಮ್ಮ ಕಣ್ಣಿಗೆ ಅವಮಾನದ ಥರ ಕಾಣಲ್ಲ, ಸರ್ಟಿಫಿಕೇಟ್ ಥರ ಕಾಣುತ್ತೆ. ಈ ವಿಡಿಯೋಗಳು ಮಾರೋದು ಅದನ್ನೇ ಅಂತ ನನಗೆ ಅವತ್ತು ಅರ್ಥ ಆಯ್ತು. ನನ್ನ ರೂಮೇಟ್‌ಗೆ ಆ ಸರ್ಟಿಫಿಕೇಟ್ ಸಿಗಲೂ ಇಲ್ಲ. ಹನ್ನೊಂದು ದಿನದಲ್ಲಿ ಒಬ್ಬರೂ ಬಂದು ಆಡಬೇಡ ಅನ್ನಲಿಲ್ಲ. ಬದಲಿಗೆ ಇನ್ನೂ ಸ್ವಲ್ಪ ಹಾಕು, ಬೋನಸ್ ಕೊಡ್ತೀವಿ ಅಂತ ಮೆಸೇಜ್ ಬರ್ತಿತ್ತು.

ಈಗ 1964ರ ವಿಷಯ ನೆನಪು ಮಾಡಿಕೊಳ್ಳಿ. ಗೆಲ್ಲೋ ಗುಟ್ಟು ಹೊರಬಿದ್ದಾಗ ಕ್ಯಾಸಿನೋ ಮುಳುಗಲಿಲ್ಲ, ಅದಕ್ಕೆ ಗಿರಾಕಿಗಳು ಸಿಕ್ಕಿದರು. ಒಬ್ಬ ಥಾರ್ಪ್ ಗೆದ್ದಿದ್ದನ್ನ ಕೇಳಿ ಬಂದವರೆಲ್ಲ ಥಾರ್ಪ್ ಆಗಿರಲಿಲ್ಲ. ಇವತ್ತು ಒಂದು ವಿಡಿಯೋ ಓಡಿದರೆ ಆಡುವವನಿಗೆ ವ್ಯೂಸ್, ಯೂಟ್ಯೂಬ್‌ಗೆ ಜಾಹೀರಾತು, ಎಣಿಸೋದನ್ನ ಕಲಿಸುವವರಿಗೆ ವಿದ್ಯಾರ್ಥಿಗಳು, ಅರ್ಧಂಬರ್ಧ ಕಲಿತು ಬರುವವರಿಂದ ಕ್ಯಾಸಿನೋಗೂ ಲಾಭ. ಲೆಕ್ಕದ ಈ ಕಡೆ ಉಳಿದಿರೋದು ನೋಡ್ತಾ ಕೂತಿರೋ ನಾವು. ಆ ಕಡೆಯವರ ಎಲ್ಲರ ಮೇಲುಗೈಯೂ ನಾವು ಕೊಡೋ ಗಂಟೆಗಳಿಂದಲೇ ಬರ್ತಿರೋದು, ಕೆಲವರ ವಿಷಯದಲ್ಲಿ ಮೆಸ್ ದುಡ್ಡಿನಿಂದ.

ಹಾಗಂತ ನಾನು ನೋಡೋದು ಬಿಟ್ಟಿಲ್ಲ. ಥಾರ್ಪ್ ಮಾಡಿದ ಕೆಲಸ ನನಗೆ ಈಗಲೂ ಇಷ್ಟ. ಒಂದು ಆಟಕ್ಕೆ ನೆನಪಿದೆ ಅಂತ ಗಮನಿಸಿ, ಅದನ್ನ ಅಳೆದು ತೋರಿಸಿದ್ದು ನಮ್ಮ ಎಷ್ಟೋ ಲ್ಯಾಬ್ ರೆಕಾರ್ಡ್‌ಗಳಿಗಿಂತ ನಿಜವಾದ ಇಂಜಿನಿಯರಿಂಗ್. ಆದರೆ ವಿಡಿಯೋ ನೋಡುವಾಗ ಮೂಲೆಯಲ್ಲಿರೋ ಲಾಭದ ಅಂಕಿಯನ್ನ ಈಗ ಬೆರಳಲ್ಲಿ ಮುಚ್ಚಿಕೊಂಡು ನೋಡ್ತೀನಿ. ಎಣಿಕೆಯನ್ನ ಮಾತ್ರ ಅವರ ಜೊತೆ ನಾನೂ ಎಣಿಸ್ತೀನಿ. ಗೆದ್ದರಾ ಸೋತರಾ ಅನ್ನೋದು ಆ ಒಂದು ಗಂಟೆಯಲ್ಲಿ ಏನನ್ನೂ ಹೇಳಲ್ಲ ಅಂತ ಗೊತ್ತಾದ ಮೇಲೆ ಅದನ್ನ ನೋಡಿ ಏನು ಪ್ರಯೋಜನ?

ಆ ಗ್ರಾಫ್‌ನ ಪ್ರಿಂಟ್ ತೆಗೆದು ನಮ್ಮ ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೀವಿ. ಅಂಟಿಸಿದ್ದು ಅವನೇ. ಮೇಲಿನ ಒಂಟಿ ಗೆರೆಯನ್ನ ಬಿಟ್ಟು, ಮಧ್ಯದ ಗಿಜಿಬಿಜಿಯಲ್ಲಿ ಎಲ್ಲೋ ಒಂದು ಚುಕ್ಕೆ ಇಟ್ಟು ಪೆನ್‌ನಲ್ಲಿ 'ಇಲ್ಲಿದ್ದೀನಿ' ಅಂತ ಬರೆದಿದ್ದಾನೆ.

ಹಾಸ್ಟೆಲ್‌ನಲ್ಲಿ ನಮ್ಮ ಹತ್ತಿರ ಒಂದು ಹಳೇ ಪ್ಯಾಕ್ ಇದೆ, ಅಮ್ಮನಿಗೆ ಹೇಳಬೇಡಿ. ಊಟ ಆದ ಮೇಲೆ ಇಬ್ಬರೂ ಒಂದೊಂದು ಸಲ ಎಣಿಸ್ತೀವಿ. ಅವನಿಗೆ ಈಗ 31 ಸೆಕೆಂಡು ಸಾಕು, ನನಗೆ 40 ಬೇಕು. ಸೋತವರು ಕೆಳಗಿನ ಮಹಡಿಯಿಂದ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಹೊತ್ತು ತರಬೇಕು, ಪಣ ಅಷ್ಟೇ. ಈ ಸೆಮಿಸ್ಟರ್ ಶುರುವಾದಾಗಿಂದ ನಾನೇ ಹೊರ್ತಾ ಇದ್ದೀನಿ.